ಎಡೆಯ ಮೊಟ್ಟೆ

"ಆ ಮೊಟ್ಟೆ ಮುಟ್ಟಬೇಡಪ್ಪಾ. ಅವಳಿಗೆ ಇಟ್ಟಿರೋದು." ಮೇಕಪ್ ಮಾಡುವ ಮುದುಕಿ ತುಕಿನೆಮ್ ಅಡ್ಡ ಬಂದಳು.

ಒಲೆಯ ಪಕ್ಕ ಬಾಳೆಲೆಯ ಮೇಲೆ ಮಲ್ಲಿಗೆ, ಕರಿಕಾಫಿ, ಬೇಯಿಸಿದ ಮೊಟ್ಟೆ. ಯೋಗ್ಯಕರ್ತ ಊರಲ್ಲಿ ದೆವ್ವಕ್ಕೆ ಎಡೆ ಇಡದೆ ಯಾವ ಸಿನಿಮಾದವರೂ ಕ್ಯಾಮೆರಾ ಶುರುಮಾಡುವುದಿಲ್ಲ.

ನಿರ್ದೇಶಕ ಪ್ರಸೆತ್ಯೊ ನಕ್ಕ. "ಇದು ನಮ್ಮಮ್ಮನ ಕತೆ, ದೆವ್ವದ್ದಲ್ಲ. ಪಾತ್ರ ಇಲ್ಲದೋಳಿಗೆ ಊಟ ಯಾಕೆ?" ಎಂದವನೇ ಮೊಟ್ಟೆಯನ್ನು ಬಾಯಿಗೆ ಹಾಕಿಕೊಂಡ.

"ಉಪ್ಪು ಬೇಕೇನೋ?" ಎಂದ ನಿರ್ಮಾಪಕ ಗಲಿಹ್. ಒಂದೇ ಬಾಡಿಗೆ ಕೋಣೆಯಲ್ಲಿ ಹಸಿವು ಹಂಚಿಕೊಂಡು ಬೆಳೆದ ಗೆಳೆಯ.

ಇದಕ್ಕೂ ಮುಂಚೆ ಪ್ರಸೆತ್ಯೊ ಮಾಡಿದ್ದು ಏಳು ಸಿನಿಮಾ, ಏಳೂ ದೆವ್ವದವು. ನೂಡಲ್ಸ್ ಗಾಡಿ ತಳ್ಳಿ ಸಾಕಿದ ತಾಯಿ ಒಂದನ್ನೂ ನೋಡಿರಲಿಲ್ಲ. ಪೋಸ್ಟರ್ ಕಂಡರೇ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಈಗ ಆ ಕಣ್ಣುಗಳ ಬೆಳಕೇ ಆರುತ್ತಿತ್ತು. ಪೂರ್ತಿ ಕತ್ತಲಾಗುವ ಮೊದಲು ಅವಳಿಗೆ ಒಂದು ಸಿನಿಮಾ ತೋರಿಸಬೇಕಿತ್ತು.

ಬಿಡುಗಡೆಯ ಮೊದಲ ದಿನ, ಮಧ್ಯಾಹ್ನದ ಆಟ. ತಾಯಿ ಮುಂದಿನ ಸಾಲಿನಲ್ಲಿ ಮಗನ ಕೈ ಹಿಡಿದು ಕೂತಿದ್ದಳು. ಪರದೆಯಲ್ಲಿ ಅವಳದೇ ಗಾಡಿ, ಅವಳದೇ ಒಲೆ. "ಅಯ್ಯೋ, ನನ್ನ ಸೌಟು ಕಣೋ!" ಎಂದು ನಕ್ಕಳು.

ಆಗ ಮಲ್ಲಿಗೆ ವಾಸನೆ ಬಂತು. ಅದರ ಹಿಂದೆಯೇ ಹಸಿಮಣ್ಣಿನದು.

ಪರದೆಯ ಮೇಲಿನ ಒಲೆಯ ಹೊಗೆಯಲ್ಲಿ ಉದ್ದ ಕೂದಲು ಇಳಿಯಿತು. ಪ್ರಸೆತ್ಯೊ ಅದನ್ನು ಚಿತ್ರಿಸಿರಲಿಲ್ಲ. ಬಿಳಿ ಬಟ್ಟೆ. ಬೆನ್ನು. ಅದು ತಿರುಗಿತು. ಮುಖ ಅವನ ತಾಯಿಯದು. ಬಾಯಿ ಕಿವಿಯವರೆಗೆ ಸೀಳಿತ್ತು. ಅದು ಮೊಟ್ಟೆ ಅಗಿಯುತ್ತಿತ್ತು. ಹಾಲ್ ತುಂಬ ಚೀತ್ಕಾರ. ತಾಯಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಪ್ರಸೆತ್ಯೊ ಬಾಗಿಲಿಗೆ ಓಡಿದ. ಅಲ್ಲಿ ಗಲಿಹ್ ಶಾಂತವಾಗಿ ನಿಂತು ಕಿರುಚಾಟ ಕೇಳುತ್ತಿದ್ದ.

"ಏನೋ ಇದು?"

"ಮೊಟ್ಟೆ ಮಂತ್ರಿಸಿ ತರಿಸಿದ್ದೆ, ತಿಂದೋನ ಸಿನಿಮಾಕ್ಕೆ ದೆವ್ವ ಬರ್ಲಿ ಅಂತ. ಏಳು ಸಿನಿಮಾದಲ್ಲೂ ಎಡೆ ತಿಂದು ಧೈರ್ಯ ತೋರಿಸಿದೋನು ನೀನು. ಈ ಸಲ ಬಿಡ್ತೀಯಾ?" ಅವನು ಕಣ್ಣು ತಪ್ಪಿಸಿದ. "ದೆವ್ವ ಇಲ್ದೆ ನಿನ್ನ ಸಿನಿಮಾಕ್ಕೆ ಯಾರೋ ಬರ್ತಾರೆ?"

"ನಮ್ಮಮ್ಮ ಬಂದಿದ್ಲು ಕಣೋ. ನಿಂಗೂ ಅನ್ನ ಹಾಕಿದೋಳು."

ಗಲಿಹ್ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.

ಆಟ ಮುಗಿಯಿತು. ಜನ ಹೊರಗೆ ನುಗ್ಗಿದರು. ಪ್ರಸೆತ್ಯೊ ವಾಪಸ್ ಬಂದಾಗ ತಾಯಿ ಇನ್ನೂ ಮುಖ ಮುಚ್ಚಿಕೊಂಡೇ ಕೂತಿದ್ದಳು.

"ಮುಗೀತೇನೋ?"

"ಮುಗೀತಮ್ಮಾ. ಕೈ ತೆಗಿ."

ತೆಗೆದಳು. ಅತ್ತಿತ್ತ ತಡಕಾಡಿ ಅವನ ತೋಳು ಹಿಡಿದಳು.

"ಹಾಗಾದ್ರೆ ದೀಪ ಯಾಕೋ ಇನ್ನೂ ಹಾಕಿಲ್ಲ?"

ಹಾಲ್‌ನ ದೀಪಗಳೆಲ್ಲ ಉರಿಯುತ್ತಿದ್ದವು.