ಅಳಿಸಿಹೋಗುವ ಕಣ್ಣುಗಳು

ಬಾಗಿಲು ತಳ್ಳಿ ಒಳಗೆ ಕಾಲಿಟ್ಟ ಚಿತ್ರಗಾರ್ತಿಯ ಎದೆ ಧಸಕ್ಕೆಂದಿತು.

ನಗರಸಭೆಯ ಖಾಲಿ ಸಭಾಂಗಣ. ಗೋಡೆಗೆ ಒರಗಿಸಿಟ್ಟ ದೊಡ್ಡ ಭಾವಚಿತ್ರಕ್ಕೆ ಕಣ್ಣುಗಳಿರಲಿಲ್ಲ. ಯಾರೋ ಚಾಕುವಿನಿಂದ ಕೆರೆದುಹಾಕಿದ್ದರು. ಅದರ ಪಕ್ಕದಲ್ಲೇ ಅದೇ ಮುಖ, ಅದೇ ಚೂಪು ಗಲ್ಲ... ಆ ಮುಖಕ್ಕೆ ಮಾತ್ರ ಕಣ್ಣುಗಳಿದ್ದವು. ಅವು ಅವಳನ್ನೇ ನೋಡುತ್ತಿದ್ದವು.

"ಹೆದರ್ಬೇಡಿ, ನಾನು ಬದುಕಿದ್ದೀನಿ," ಎಂದಿತು ಆ ಮುಖ. "ಚಿತ್ರದಲ್ಲಿರೋದು ನಮ್ಮತ್ತೆ."

ಆ ಅತ್ತೆಯನ್ನು ಅರಿಯದವರು ಊರಿನಲ್ಲಿರಲಿಲ್ಲ. ತಾನು ಪ್ರೀತಿಸುವುದು ಒಬ್ಬ ಹೆಂಗಸನ್ನು ಎಂದು ಇದೇ ಸಭಾಂಗಣದಲ್ಲಿ ಎದ್ದು ನಿಂತು ಹೇಳಿದ ಮೊದಲ ಸದಸ್ಯೆ. ಆ ಕಾರಣಕ್ಕೆ ಯಾರನ್ನೂ ಕೆಲಸದಿಂದಾಗಲಿ ಬಾಡಿಗೆ ಮನೆಯಿಂದಾಗಲಿ ಹೊರಹಾಕಬಾರದೆಂಬ ನಿಯಮ ತಂದವರು. ತೀರಿಕೊಂಡು ವರ್ಷಗಳಾದರೂ ಅವರ ಮೇಲಿನ ಸಿಟ್ಟು ಕೆಲವರಿಗೆ ಆರಿರಲಿಲ್ಲ. ಚಿತ್ರ ಸರಿಪಡಿಸಲು ಚಿತ್ರಗಾರ್ತಿಯನ್ನು ಕರೆಸಿದ್ದರು. ಕಣ್ಣಿನ ಹೋಲಿಕೆಗಾಗಿ ಅವರ ತಮ್ಮನ ಮಗಳನ್ನು.

ತಮ್ಮನ ಮಗಳು ಬಸ್ ಡ್ರೈವರ್. ಪಾಳಿ ಮುಗಿಸಿ ಯೂನಿಫಾರಂನಲ್ಲೇ ಬಂದು ಕಿಟಕಿ ಪಕ್ಕ ಕೂರುತ್ತಿದ್ದಳು. ಸೀಟಿಗಾಗಿ ಜಗಳವಾಡಿದವರ ಕಥೆ ಹೇಳಿ ನಗಿಸುತ್ತಿದ್ದಳು. ಅವಳು ನಕ್ಕಾಗ ಚಿತ್ರಗಾರ್ತಿ ಕುಂಚ ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದಳು.

'ಈ ಕೆಲಸ ಮುಗಿದ್ಮೇಲೆ ಇವಳನ್ನ ನೋಡೋಕೆ ನನಗೆ ಯಾವ ನೆಪ ಇರುತ್ತೆ?'

ಆದರೆ ಕೆಲಸ ಮುಗಿಯುತ್ತಲೇ ಇರಲಿಲ್ಲ. ಸಂಜೆ ಬಿಡಿಸಿದ ಕಣ್ಣು ಬೆಳಗ್ಗೆ ಇರುತ್ತಿರಲಿಲ್ಲ. ಒದ್ದೆ ಹೆಬ್ಬೆರಳಿನಿಂದ ಒರೆಸಿದಂತೆ ಎರಡು ಬೂದು ಕಲೆಗಳು! ಹಳೆಯ ಫೋಟೋ ತರಿಸಿ, ಭಾಷಣ ಮಾಡುವಾಗಿನ ಆ ದಿಟ್ಟ ನೋಟವನ್ನೇ ಬಿಡಿಸಿದಳು. ಮತ್ತೆ ಅದೇ ಗತಿ. ಬೀಗ ಹಾಕಿದ್ದು ತಾನೇ, ಯಾರೂ ಒಳಗೆ ಬಂದಿಲ್ಲ ಎಂದು ಕಾವಲುಗಾರ ಆಣೆ ಮಾಡಿದ.

ಕೊನೆಗೆ ಚಿತ್ರಗಾರ್ತಿ ಡ್ರೈವರನ್ನು ಕೇಳಿಯೇಬಿಟ್ಟಳು.

"ಇಲ್ಲಿಗೆ ಬರೋದು ನಾವಿಬ್ಬರೇ. ಒರೆಸ್ತಿರೋದು ನೀವಾ?"

ಡ್ರೈವರ್ ಮುಖ ಬಿಳುಚಿಕೊಂಡಿತು. "ನಮ್ಮತ್ತೆ ಕಣ್ಣು ಕೀಳೋಳ ಥರ ಕಾಣ್ತೀನಾ ನಾನು?"

ಎದ್ದು ಹೋದವಳು ಮರುದಿನ ಬರಲಿಲ್ಲ. ಅದರ ಮರುದಿನವೂ...

ಚಿತ್ರಗಾರ್ತಿ ಒಬ್ಬಳೇ ಕೂತು ಮತ್ತೆ ಕಣ್ಣು ಬಿಡಿಸಿದಳು. ಮಟಮಟ ಮಧ್ಯಾಹ್ನ. ಮೂಲೆಯ ನಲ್ಲಿಯಲ್ಲಿ ಕುಂಚ ತೊಳೆದು ತಿರುಗಿ ನೋಡಿದರೆ... ಕಣ್ಣುಗಳಿಲ್ಲ. ಬಣ್ಣ ಇನ್ನೂ ಚಿತ್ರದ ಕೆನ್ನೆಯ ಮೇಲೆ ಇಳಿಯುತ್ತಿತ್ತು. ತೀರ ಹತ್ತಿರದಲ್ಲಿ ಯಾರೋ ಉಸಿರಾಡುತ್ತಿದ್ದರು. ಸಣ್ಣಸಣ್ಣ, ಅವಸರದ ಉಸಿರು.

ಅವಳು ಓಡಿದಳು. ಬಸ್ ಸ್ಟ್ಯಾಂಡಿನಲ್ಲಿ ಕಾದು, ಡ್ರೈವರ್ ಓಡಿಸುವ ಬಸ್ಸನ್ನೇ ಹತ್ತಿ ಹಿಂದಿನ ಸೀಟಿನಲ್ಲಿ ಕೂತಳು. ಎಲ್ಲರೂ ಇಳಿದರೂ ಇವಳು ಏಳಲಿಲ್ಲ.

"ಕೊನೇ ಸ್ಟಾಪು. ಇಳೀರಿ," ಎಂದಳು ಡ್ರೈವರ್, ಕನ್ನಡಿಯಲ್ಲೇ ನೋಡುತ್ತಾ.

"ತಪ್ಪಾಯ್ತು. ನೀವಲ್ಲ ಅಂತ ಗೊತ್ತಾಯ್ತು. ಅಲ್ಲಿ ಯಾರೋ ಉಸಿರಾಡ್ತಾರೆ... ಹೆದರಿದೋರ ಥರ."

ಡ್ರೈವರ್ ಇಂಜಿನ್ ಆರಿಸಿದಳು. ಯಾರಿಗೂ ಹೇಳದ್ದನ್ನು ಹೇಳಿದಳು. ಸಭಾಂಗಣದಲ್ಲಿ ಎದ್ದು ನಿಂತು ಹೇಳಿದ ಆ ದಿನ ಬೆಳಗ್ಗೆ ಅತ್ತೆ ಬಚ್ಚಲಲ್ಲಿ ವಾಂತಿ ಮಾಡಿಕೊಂಡಿದ್ದರು. ಕೈ ನಡುಗಿ ಕೋಟಿನ ಗುಂಡಿ ಹಾಕಿಕೊಳ್ಳಲಾಗದೆ ನಿಂತಾಗ, ಪುಟ್ಟ ಹುಡುಗಿಯಾಗಿದ್ದ ಇವಳೇ ಹಾಕಿಕೊಟ್ಟಿದ್ದಳು.

"ಎಲ್ಲರೂ ಅವರ ಧೈರ್ಯಾನೇ ಹಾಡಿಹೊಗಳ್ತಾರೆ. ಅವರಿಗೆ ಎಷ್ಟು ಭಯ ಇತ್ತು ಅಂತ ನನಗೊಬ್ಬಳಿಗೇ ಗೊತ್ತು. ಭಯ ಇಟ್ಕೊಂಡೇ ಹೋದ್ರು."

ಚಿತ್ರಗಾರ್ತಿ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು. "ನನಗೂ ಭಯ. ನಿಮ್ಮನ್ನ ಪ್ರೀತಿಸ್ತೀನಿ ಅಂತ ಹೇಳೋಕೆ ಭಯ. ಅಮ್ಮನಿಗೆ ಹೇಳೋಕೆ ಇನ್ನೂ ಭಯ."

ಡ್ರೈವರ್ ಎದ್ದು ಬಂದು ಪಕ್ಕದಲ್ಲಿ ಕೂತಳು. ಒರಟು ಅಂಗೈ ಅವಳ ಕೈಯನ್ನು ಮುಚ್ಚಿಕೊಂಡಿತು.

ಮರುದಿನ ಚಿತ್ರಗಾರ್ತಿ ಬಿಡಿಸಿದ್ದು, ಹೆದರಿದರೂ ಹಿಂದೆ ಸರಿಯದ ಕಣ್ಣುಗಳನ್ನು. ಕೊನೆಯ ಗೆರೆ ಎಳೆದಾಗ ಇಬ್ಬರಿಗೂ ಕೇಳಿಸಿತು. ಯಾರೋ ಬಹಳ ಕಾಲ ಹಿಡಿದಿಟ್ಟ ಉಸಿರನ್ನು ಬಿಟ್ಟ ಸದ್ದು.

ಬೆಳಗಾದರೂ ಕಣ್ಣುಗಳು ಹಾಗೇ ಇದ್ದವು.

ಆ ಕಣ್ಣುಗಳ ಎದುರೇ ನಿಂತು ಚಿತ್ರಗಾರ್ತಿ ಅಮ್ಮನಿಗೆ ಫೋನ್ ಮಾಡಿದಳು. ಹೇಳಬೇಕಾದದ್ದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿ, ಫೋನಿಗೆ ಕೈ ಅಡ್ಡ ಹಿಡಿದಳು.

"ಏನಂದ್ರು?" ಡ್ರೈವರ್ ಪಿಸುಗುಟ್ಟಿದಳು.

"ಏನೂ ಅನ್ನಲಿಲ್ಲ..."

"ಫೋನ್ ಇಟ್ಟುಬಿಟ್ರಾ?"

"ಇಲ್ಲ. ಇನ್ನೂ ಕೇಳ್ತಾ ಇದ್ದಾರೆ."

"ಹಾಗಿದ್ರೆ ಮಾತಾಡು," ಎಂದಳು ಡ್ರೈವರ್, ಮೊದಲ ಬಾರಿಗೆ ಏಕವಚನದಲ್ಲಿ. "ನಾನು ಇಲ್ಲೇ ಇರ್ತೀನಿ."