ನನ್ನ ವಿಳಾಸ ದೇವರಿಗೆ ಗೊತ್ತು

ಅಂದು ಬೆಳಿಗ್ಗೆ ಮಂಜು ಬೀದಿಯನ್ನು ಪೂರ್ತಿ ನುಂಗಿಬಿಟ್ಟಿತ್ತು. ಎದುರಿನ ಔಷಧಿ ಅಂಗಡಿಯ ಹಸಿರು ದೀಪ ಮಾತ್ರ ಯಾವ ಆಸರೆಯೂ ಇಲ್ಲದೆ ತೇಲುತ್ತಿರುವಂತೆ ಕಾಣುತ್ತಿತ್ತು. ಕನ್ನಡಕದಂಗಡಿಯವರ ಮಗಳು ಷಟರನ್ನು ಅರ್ಧ ಎತ್ತಿ ನೆಲ ಗುಡಿಸುತ್ತಿದ್ದಳು. ಅಂಗಡಿ ತೆರೆಯುವ ಹೊತ್ತು ಇನ್ನೂ ಆಗಿರಲಿಲ್ಲ. ಮಹಡಿಯ ಮೇಲೆ ಅಪ್ಪ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರು.

ಷಟರಿನಡಿಯಿಂದ ಒಬ್ಬ ಬಗ್ಗಿ ಒಳಗೆ ಬಂದ. ಒಂದು ಕೈಯಲ್ಲಿ ಕನ್ನಡಕ, ಇನ್ನೊಂದರಲ್ಲಿ ಅದರ ಕಡ್ಡಿ.

"ಇನ್ನೂ ತೆಗೆದಿಲ್ಲ," ಎಂದಳು.

"ಗೊತ್ತು ಮೇಡಂ. ಆದ್ರೆ ನನಗೆ ಕಾಣದೇ ಇದ್ರೆ ನಾನು ಓಡಿಸೋ ಆಂಬುಲೆನ್ಸ್‌ಗೂ ದಾರಿ ಕಾಣಲ್ಲ."

ಅವಳು ತಲೆಯೆತ್ತಿದಳು. ಇವನೇ... ಚರ್ಚಿನ ಕೊನೆಯ ಬೆಂಚಿನವನು. ಇತ್ತೀಚೆಗೆ ಸಭೆಗೆ ಸೇರಿದವನು. ಪಾಸ್ಟರರ ಪ್ರಸಂಗದ ನಡುವೆ ಎದ್ದು ಹೋಗುವ ಅವನ ಬೆನ್ನು ಕಂಡಾಗಲೆಲ್ಲ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ದೇವರ ವಾಕ್ಯ ಅರ್ಧಕ್ಕೇ ಬಿಟ್ಟು ಹೋಗೋರು ನೀವೇ ಅಲ್ವಾ?"

"ಹೌದು. ಏನು ಮಾಡೋದು, ಜನರಿಗೆ ಭಾನುವಾರಾನೂ ಎದೆನೋವು ಬರುತ್ತೆ."

ಅವಳ ಕಿವಿ ಬಿಸಿಯಾಯಿತು. ಕನ್ನಡಕ ಇಸಿದುಕೊಂಡು ಹೊಸ ಸ್ಕ್ರೂ ಕೂರಿಸಿದಳು. ಹಿಡಿತ ನೋಡಲೆಂದು ಎಲ್ಲರಿಗೂ ಮಾಡುವಂತೆ ಅವನ ಮುಖಕ್ಕೂ ತಾನೇ ಅದನ್ನು ತೊಡಿಸಿದಳು. ಎಷ್ಟು ಮುಖಗಳಿಗೆ ತೊಡಿಸಿದ್ದಳೋ... ಇಂದು ಮಾತ್ರ ಕಡ್ಡಿ ಕಿವಿಯ ಹಿಂದೆ ಕೂರಲು ಎರಡು ಸಲ ಬೇಕಾಯಿತು.

"ಈಗ ಕಾಣ್ತಿದೆಯಾ?"

"ಕಾಣ್ತಿದೆ," ಎಂದ. ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ನೋಡಿಯೇ ಹಾಗೆಂದ.

ಅವನು ಮಂಜಿನಲ್ಲಿ ಕರಗಿಹೋದ. ಅವಳು ಷಟರು ಪೂರ್ತಿ ಎತ್ತಿದಳು. ಅಪ್ಪ 'ಆಮೆನ್' ಹೇಳಿ ಮೆಟ್ಟಿಲಿಳಿದು ಬರುವುದಕ್ಕೂ ಚರ್ಚಿನ ಹಾಡಿನ ತಂಡ ನಡೆಸುವ ಕ್ವಾಯರ್ ಮಾಸ್ಟರ್ ತನ್ನ ತಾಯಿಯ ಕನ್ನಡಕ ಹಿಡಿದು ಒಳಗೆ ಕಾಲಿಡುವುದಕ್ಕೂ ಸರಿಹೋಯಿತು. ಅವನನ್ನು ಕಂಡು ಅಪ್ಪನ ಮುಖ ಯಾಕೆ ಅಷ್ಟು ಬೆಳಗಿತು ಎಂದು ಅವಳಿಗೆ ಆಗ ತಿಳಿಯಲಿಲ್ಲ.

*

ಕಾರಣ ಹೇಳಿದವಳು ಅತ್ತೆ. ತಾಯಿಯಿಲ್ಲದ ಆ ಮನೆಯಲ್ಲಿ ಅಪ್ಪನ ಅಕ್ಕನೇ ಎಲ್ಲಕ್ಕೂ ಬಾಯಿ.

"ನಿಮ್ಮಪ್ಪ ಅವತ್ತು ದೇವರ ಹತ್ರ ಒಂದು ಗುರುತು ಕೇಳಿದ್ದ ಕಣೇ. 'ಈ ದಿನ ನಮ್ಮ ಅಂಗಡಿಗೆ ಮೊದಲು ಕಾಲಿಡೋ, ನಮ್ಮ ಸಭೆಯ ಮದುವೆಯಾಗದ ವಿಶ್ವಾಸಿನೇ ನನ್ನ ಅಳಿಯ' ಅಂತ. ಯಾರು ಬಂದ್ರು ನೋಡು. ಚಿನ್ನದಂಥ ಹುಡುಗ, ಎಂಥಾ ಕಂಠ..."

ಅವಳ ಕೈಯಲ್ಲಿದ್ದ ಲೆನ್ಸ್ ಒರೆಸುವ ಬಟ್ಟೆ ಹಾಗೇ ನಿಂತಿತು.

*ಮೊದಲು ಬಂದವನು ಅವನಲ್ಲ.*

ನಾಲಿಗೆಯ ತುದಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. ಹೇಳಿಬಿಟ್ಟರೆ ಏನಾದೀತು? ಒಬ್ಬನ ಜಾಗಕ್ಕೆ ಇನ್ನೊಬ್ಬನನ್ನು ಕೂರಿಸುತ್ತಾರೆ, ಅಷ್ಟೇ. ಆರಿಸುವುದು ಮತ್ತೆ ಷಟರಿನಡಿ ಮೊದಲು ಬಂದ ಹೆಜ್ಜೆಯೇ ಹೊರತು ತಾನಲ್ಲ.

"ನಿನಗೂ ದೇವರು ಹೇಳಿದ್ರಾ ಅತ್ತೆ?"

"ನನಗೂ ಮನಸ್ಸಿನಲ್ಲಿ ಸಮಾಧಾನ ಸಿಕ್ತು. ಹುಡುಗನಿಗೂ ಸಿಕ್ಕಿದೆಯಂತೆ."

"ಎಲ್ಲರಿಗೂ ಹೇಳಿದ್ದಾರೆ. ಮದುವೆಯಾಗೋಳಿಗೆ ಮಾತ್ರ ಹೇಳಿಲ್ಲ. ಯಾಕೆ, ನನ್ನ ವಿಳಾಸ ಅವರ ಹತ್ರ ಇಲ್ವಾ?"

"ಬಾಯಿ ಬಾಯಿ," ಎಂದು ಅತ್ತೆ ಗದರಿದಳು. ಆದರೂ ಅವಳ ತುಟಿಯಂಚು ನಗುತ್ತಿತ್ತು.

ಮಗಳು ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಕ್ವಾಯರ್ ಮಾಸ್ಟರ್ ಒಂದೇ ನಂಬಿಕೆಯವನು, ಒಂದೇ ಸಭೆಯವನು. ಹಾಗೆಂದ ಮಾತ್ರಕ್ಕೆ ಒಂದೇ ನೊಗ ಹೊರಬಲ್ಲನೇ? ನೋಡಿಯೇ ತೀರುತ್ತೇನೆಂದು ಹಾಡಿನ ಅಭ್ಯಾಸಕ್ಕೆ ಹೋದಳು.

ಆ ಸಂಜೆ ಕ್ವಾಯರ್ ಮಾಸ್ಟರನ ತಾಯಿ ಹಿಂದಿನ ಸಾಲಿನಲ್ಲಿ ನಿಂತು ಮೈಮರೆತು ಹಾಡುತ್ತಿದ್ದರು. ಸ್ವರ ಅತ್ತಿತ್ತ ಹೋಗುತ್ತಿತ್ತು, ನಿಜ. ಅವನು ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದ.

"ಅಮ್ಮಾ, ನೀನು ಬಾಯಿ ಮಾತ್ರ ಆಡಿಸು. ಧ್ವನಿ ಬೇಡ."

ಯಾರೋ ಕಿಸಕ್ಕೆಂದರು. ಆಮೇಲೆ ಆ ತಾಯಿ ತುಟಿ ಮಾತ್ರ ಆಡಿಸಿದರು. ಕಣ್ಣು ನೆಲಕ್ಕೆ ಅಂಟಿಕೊಂಡಿತ್ತು. ಅವನು ಮಾತ್ರ ಕಣ್ಣುಮುಚ್ಚಿ ಕರ್ತನನ್ನು ಎಷ್ಟು ಮಧುರವಾಗಿ ಕೊಂಡಾಡಿದನೆಂದರೆ... ಅವಳ ಎದೆಗೆ ಮಂಜುಗಡ್ಡೆ ಇಟ್ಟಂತಾಯಿತು.

ಹೊರಗೆ ಬರುವಾಗ ಅವನೇ ಹತ್ತಿರ ಬಂದ. "ಮದುವೆ ಆದ್ಮೇಲೆ ನಿನಗೆ ಅಂಗಡಿ ಕೆಲಸ ಬೇಡ. ಪ್ರಾರ್ಥನೆ ಮಾಡೇ ನಿರ್ಧಾರ ಮಾಡಿದ್ದೀನಿ."

"ನನ್ನನ್ನ ಕೇಳಬೇಕು ಅನ್ನಿಸಲಿಲ್ವಾ?"

"ದೇವರನ್ನ ಕೇಳಿದ ಮೇಲೆ ಇನ್ನು ಯಾರನ್ನ ಕೇಳೋದು?"

ಮನೆಗೆ ಬಂದು ಅಪ್ಪನಿಗೆ ಬೇಡವೆಂದಳು. ಅಪ್ಪ ಮಾತು ಬೆಳೆಸಲಿಲ್ಲ. "ಗುರುತು ಕೇಳಿದವನು ನಾನು. ಕೊಟ್ಟ ಮೇಲೆ ಮಾತು ಬದಲಾಯಿಸಿದ್ರೆ ದೇವರ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ?" ಎಂದಷ್ಟೇ ಹೇಳಿದರು. ಅವರ ದನಿಯಲ್ಲಿ ಹಟಕ್ಕಿಂತ ಹೆದರಿಕೆಯಿತ್ತು. ಅದೇ ಅವಳನ್ನು ಹೆಚ್ಚು ನೋಯಿಸಿತು.

*

ಅವರ ಸಭೆಯ ಕ್ರಮ ಹೀಗಿತ್ತು: ಮದುವೆಗೆ ಮೊದಲು ಮೂರು ಭಾನುವಾರ ವಧೂವರರ ಹೆಸರನ್ನು ಸಭೆಯ ಮುಂದೆ ಓದುವರು. ಅಡ್ಡಿ ಇದ್ದವರು ಎದ್ದು ಹೇಳಬೇಕು. ಎದ್ದವರನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ಅವಳು ಬೇಡವೆಂದರೂ ಅಪ್ಪ ಹೆಸರು ಕೊಟ್ಟುಬಿಟ್ಟಿದ್ದರು. ಮೊದಲ ಭಾನುವಾರ ಅದನ್ನು ಓದಿದಾಗ ಅವಳು ಕೊನೆಯ ಬೆಂಚಿನತ್ತ ತಿರುಗಿದಳು. ಅವನು ಎದ್ದು ಹೋಗುತ್ತಿದ್ದ. ಆದರೆ ಆಸ್ಪತ್ರೆಯ ಕರೆ ಬಂದು ಅವನ ಫೋನು ಮಿನುಗಿರಲಿಲ್ಲ.

ಮರುದಿನ ಆಸ್ಪತ್ರೆಯ ಗೇಟಿನ ಬಳಿ ಆಂಬುಲೆನ್ಸ್ ತೊಳೆಯುತ್ತಿದ್ದವನ ಮುಂದೆ ಹೋಗಿ ನಿಂತಳು.

"ನಿನ್ನೆ ಯಾರಿಗೆ ಎದೆನೋವು ಬಂದಿತ್ತು?"

ಅವನು ಬಕೆಟ್ಟು ಕೆಳಗಿಟ್ಟ. "ನನಗೇ ಅಂದ್ಕೊಳ್ಳಿ... ನೀವು ಮನಸಾರೆ ಒಪ್ಪಿದ್ದೀರಿ ಅಂತ ತಿಳ್ಕೊಂಡೆ. ಒಪ್ಪಿದೋರ ದಾರೀಲಿ ನಿಲ್ಲಬಾರದು."

"ಒಂದು ಮಾತು ಕೇಳಬಾರದಿತ್ತಾ?"

"ತಪ್ಪಾಯ್ತು."

ನೆಪವಿಲ್ಲ, ವಾದವಿಲ್ಲ. ಆ ಒಂದು ಮಾತಿಗೆ ಅವಳ ಅರ್ಧ ಸಿಟ್ಟು ಇಳಿದುಹೋಯಿತು. ಅವನಿಗೆ ಗುರುತಿನ ಕಥೆಯನ್ನೆಲ್ಲ ಹೇಳಿದಳು. ಅಂದು ಮೊದಲು ಬಂದವನು ಯಾರೆಂಬುದನ್ನೂ ಹೇಳಿದಳು.

ಅವನು ಒದ್ದೆ ಬಟ್ಟೆ ಹಿಂಡಿ ಆಂಬುಲೆನ್ಸ್‌ನ ಬಾಗಿಲ ಮೇಲೆ ಹರವಿದ.

"ಹೇಳಿದ್ರೆ ನಿಮ್ಮಪ್ಪ ನಾಳೇನೇ ನನ್ನನ್ನ ಕರೀತಾರೆ, ಅಲ್ವಾ?"

"ಹೌದು. ಹೇಳಲಾ?"

"ಬೇಡ. ಅವತ್ತು ನನ್ನನ್ನ ಕಳಿಸಿದ್ದು ಒಂದು ಸ್ಕ್ರೂ. ಅದನ್ನ ನಂಬಿ ನನ್ನನ್ನ ಕಟ್ಕೋಬೇಡಿ. ನನ್ನ ಹತ್ರ ಸಿಟ್ಟಿದೆ, ಬಾಡಿಗೆ ಮನೆ ಇದೆ. ಸೈರನ್ ಹಾಕ್ಕೊಂಡು ಗಟ್ಟಿಯಾಗಿ ಪ್ರಾರ್ಥನೆ ಮಾಡೋ ಚಾಳಿನೂ ಇದೆ. ನೋಡಿ, ತೂಗಿ, ಬೇಡ ಅನ್ನಿಸಿದ್ರೆ ಬೇಡ ಅನ್ನಿ."

"ಸೈರನ್ ಯಾಕೆ?"

"ಒಳಗಿರೋರಿಗೆ ನಾನು ಹೆದರಿದ್ದೀನಿ ಅಂತ ಗೊತ್ತಾಗಬಾರದಲ್ಲ."

ಅವಳು ನಗಲು ಹೋಗಿ ಅತ್ತುಬಿಟ್ಟಳು.

*

ಎರಡನೆಯ ಭಾನುವಾರ ಸಭಾಪಾಲಕರು ಹೆಸರುಗಳನ್ನು ಓದಿ ಅಭ್ಯಾಸಬಲದಿಂದ ಕೇಳಿದರು. "ಈ ವಿವಾಹಕ್ಕೆ ಯಾರದಾದರೂ ಅಡ್ಡಿ ಇದೆಯೇ?"

"ನಂದಿದೆ ಪಾಸ್ಟರ್."

ಸಭೆಯೆಲ್ಲ ತಿರುಗಿತು. ಸಭಾಪಾಲಕರು ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದರು.

"ನೀನಾ? ನೀನೇ ಮದುವೆ ಹೆಣ್ಣಲ್ವೇನಮ್ಮಾ?"

"ಹೌದು. ಆ ಹೆಣ್ಣನ್ನ ಯಾರೂ ಕೇಳಿಲ್ಲ. ಅದೇ ನನ್ನ ಅಡ್ಡಿ."

ಕ್ವಾಯರ್ ಮಾಸ್ಟರನ ಮುಖ ಕೆಂಪಾಯಿತು. "ಇದು ದೇವರ ಚಿತ್ತ. ದೇವರ ಮನೇಲೇ ನಿಂತು ಎದುರಾಡ್ತಿದ್ದೀಯ."

ಅವಳು ಮುಂದಿನ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಳು. ಅವನ ತಾಯಿಯ ಹೆಸರೆತ್ತಿದರೆ ಅವನು ಅಲ್ಲೇ ಬಾಯಿ ಮುಚ್ಚುತ್ತಿದ್ದ. ಆ ತಾಯಿಯ ಮಾನವನ್ನು ತನ್ನ ಗೆಲುವಿಗೆ ಬಳಸಲು ಅವಳಿಗೆ ಮನಸ್ಸಾಗಲಿಲ್ಲ.

"ದೇವರಿಗೆ ನಾನು ಎದುರಾಡ್ತಿಲ್ಲ. ಬೆಳಿಗ್ಗೆ ಸಂಜೆ ನನ್ನ ಜೊತೆ ಮಾತಾಡೋರು ಅವರು. ನನ್ನ ವಿಳಾಸ ಅವರಿಗೆ ಚೆನ್ನಾಗಿ ಗೊತ್ತು. ಈ ವಿಷಯ ಮಾತ್ರ ನಿಮ್ಮ ಹತ್ರ ಹೇಳಿ ಕಳಿಸ್ತಾರೆ ಅಂದ್ರೆ ನಾನು ನಂಬಲ್ಲ. ಬಲವಂತದ 'ಹೌದು' ಅನ್ನ ಅವರೇ ಯಾರ ಹತ್ರಾನೂ ಕೇಳಲಿಲ್ಲ. ನೀವು ಯಾರು ಕೇಳೋಕೆ?"

ಸಭಾಪಾಲಕರು ಕೈಯಲ್ಲಿದ್ದ ಹಾಳೆ ಮಡಿಸಿದರು.

"ಪ್ರಕಟಣೆ ಇಲ್ಲಿಗೆ ನಿಂತಿತು. ಕೀರ್ತನೆ ಹಾಡೋಣ."

ಕ್ವಾಯರ್ ಮಾಸ್ಟರನ ಕೈ ಮೇಲೇಳಲಿಲ್ಲ. ಯಾರು ಶುರು ಮಾಡಬೇಕೆಂದು ತಿಳಿಯದೆ ಎಲ್ಲರೂ ನಿಂತಿರುವಾಗ ಹಿಂದಿನಿಂದ ಒಂದು ಮುದಿ ದನಿ ಎದ್ದಿತು. ಸ್ವರ ತಪ್ಪಿತ್ತು. ಆದರೆ ಗಟ್ಟಿಯಾಗಿತ್ತು. ಅದು ಅವನ ತಾಯಿಯದು.

*

ಆ ವಾರವಿಡೀ ಅಪ್ಪ ಅವಳೊಡನೆ ಮಾತಾಡಲಿಲ್ಲ. ಶನಿವಾರ ಮಧ್ಯಾಹ್ನ ಆಂಬುಲೆನ್ಸ್‌ನವನು ಅಂಗಡಿಗೆ ಬಂದಾಗ ಅತ್ತೆ ಕಣ್ಣರಳಿಸಿದಳು. ಅಪ್ಪ ತಲೆಯೆತ್ತಲಿಲ್ಲ.

"ಅಪ್ಪಾ, ಇವರ ಮೇಲೆ ನನಗೆ ಮನಸ್ಸಿದೆ," ಎಂದಳು ಅವಳು. "ಇನ್ನು ಏನನ್ನೂ ಮುಚ್ಚಿಡಲ್ಲ. ಇನ್ನೊಂದು ಸಂಗತಿನೂ ಇದೆ. ಆ ಮಂಜಿನ ದಿನ ಮೊದಲು ಅಂಗಡಿಗೆ ಬಂದೋರು ಇವರು."

ಅಪ್ಪನ ಕೈಯಿಂದ ಫ್ರೇಮು ಜಾರಿತು. "ಹಾಗಾದ್ರೆ... ಗುರುತು ಇವನೇ. ನಾನೇ ತಪ್ಪು ತಿಳ್ಕೊಂಡೆ. ಅಕ್ಕಾ, ಪಾಸ್ಟರ್‌ಗೆ ಫೋನ್ ಮಾಡು."

"ಅಪ್ಪಾ, ಮತ್ತೆ ಶುರು ಮಾಡಬೇಡಿ. ಅವತ್ತು ಇವರಿಗಿಂತ ಮೊದಲು ಬೀದಿ ಬೆಕ್ಕು ಬಂದಿತ್ತು. ಅದಕ್ಕೂ ಮದುವೆಯಾಗಿಲ್ಲ."

ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡಳು.

"ಇವರು ಮೊದಲು ಬಂದ್ರು ಅಂತ ನಾನು ಒಪ್ಪಿಲ್ಲ ಅಪ್ಪಾ. ಗೊತ್ತಿದ್ರೂ ಅದನ್ನ ಬಳಸೋದು ಬೇಡ ಅಂದ್ರಲ್ಲ, ಅದಕ್ಕೆ ಮನಸ್ಸು ಬಂತು."

ಅಪ್ಪ ಅವನನ್ನು ನೋಡಿದರು. ಆಮೇಲೆ ಮಗಳನ್ನು ನೋಡಿದರು, ತುಂಬ ಹೊತ್ತು. ಎಷ್ಟೋ ದಿನದ ಹಿಂದೆ ಅವಳಿಗೆ ಸಲ್ಲಬೇಕಾಗಿದ್ದ ಮಾತು ಈಗ ಮೆಲ್ಲಗೆ ಬಂತು.

"ಮಗಳೇ... ನಿನಗೇನು ಬೇಕು?"

ಅವಳ ಕಣ್ಣು ತುಂಬಿತು. "ಸ್ವಲ್ಪ ಸಮಯ ಬೇಕು ಅಪ್ಪಾ. ಜೊತೆಗೆ ಕೂತು ಪ್ರಾರ್ಥನೆ ಮಾಡಬೇಕು. ಒಂದೆರಡು ಸಲ ಜಗಳಾನೂ ಆಡಬೇಕು. ಆಮೇಲೆ ನಾನೇ ಹೇಳ್ತೀನಿ."

"ಸರಿ," ಎಂದರು ಅಪ್ಪ. ಬಗ್ಗಿ ಫ್ರೇಮು ಎತ್ತಿಕೊಂಡು ಮೆಟ್ಟಿಲು ಹತ್ತಿದರು.

"ಜಗಳ ಯಾವಾಗ ಶುರು ಮಾಡೋಣ?" ಎಂದು ಅವನು ಮೆಲ್ಲಗೆ ಕೇಳಿದ.

"ಮೊದಲು ಪ್ರಾರ್ಥನೆ," ಎಂದಳು ಅವಳು, ಅವನಿಗೊಂದು ಸ್ಟೂಲು ಎಳೆದು ಹಾಕುತ್ತ.