ಐ ವಿಲ್ ಕಮ್, ಸರ್

"ಮೈಸೆಲ್ಫ್ ಸರಳಾ, ಫ್ರಮ್ ಕೋಗಿಲು. ಐ ಆಮ್ ಹ್ಯಾವಿಂಗ್ ಒನ್ ಬ್ರದರ್."

ಮೊದಲ ದಿನವೇ ಒಂದೇ ಉಸಿರಿನಲ್ಲಿ ಎರಡು ತಪ್ಪು. ಮೂರನೆಯ ತಪ್ಪು ನನ್ನದು. ತಿದ್ದುವುದನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಾ ಕೂತಿದ್ದೆ.

ಅದು 2011. ಆರ್.ಟಿ. ನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಾನು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುತ್ತಿದ್ದೆ. ಬೋರ್ಡಿನ ಮೇಲೆ ಯೋಗಾನಂದ, ಎಂ.ಎ. ಎಂದು ಬರೆಸಿದ್ದೆ. ವಯಸ್ಸು ಮೂವತ್ಮೂರು, ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು. ಬಸ್ಸಿನಲ್ಲಿ ಅಂಟಿಸಿದ ಜಾಹೀರಾತಿನಲ್ಲೂ ತಪ್ಪು ಹುಡುಕುವ ಚಾಳಿ ನನ್ನದು.

"ಐ ಆಮ್ ಹ್ಯಾವಿಂಗ್ ಅನ್ನಬಾರದು," ಎಂದೆ ಕೊನೆಗೂ.

"ಮತ್ತೆ ಇರೋ ಅಣ್ಣನ್ನ ಏನ್ ಮಾಡ್ಲಿ ಸರ್?"

"ಐ ಹ್ಯಾವ್ ಅನ್ನಿ. ‘ಹ್ಯಾವಿಂಗ್’ ಅಂದ್ರೆ ಕಾಫಿ ಕುಡಿದ ಹಾಗೆ, ಸ್ವಲ್ಪ ಹೊತ್ತಲ್ಲಿ ಮುಗಿದೋಗತ್ತೆ. ಅಣ್ಣ ಹಾಗಲ್ಲ, ಪರ್ಮನೆಂಟು."

"ನಿಜ ಸರ್. ಟಿ.ವಿ. ಮುಂದೆ ಕೂತ್ರೆ ಏಳೋದೇ ಇಲ್ಲ," ಅಂದಳು. ನಗು ಬಾಯಿಗೆ ಬರುವ ಮೊದಲೇ ಅವಳ ಕಣ್ಣಿಗೆ ಬಂದಿತ್ತು.

ಜೊತೆಯಲ್ಲಿ ಬಂದಿದ್ದ ಅವಳ ತಂದೆ ಮುನಿಗಂಗಪ್ಪ ಮಾತ್ರ ನಗಲಿಲ್ಲ. ನನಗಿಂತ ದೊಡ್ಡವರು, ಎರಡೂ ಕೈ ಮುಗಿದರು.

"ಉಡುಗ ಇಂಗ್ಲೆಂಡಲ್ಲವ್ನೆ ಸಾ. ನಿಶ್ಚಿತಾರ್ಥ ಆಗೈತೆ. ಅದೇನೋ ಇಂಗ್ಲೀಸ್ ಪರೀಕ್ಸೆ ಪಾಸಾದ್ರೇನೇ ವೀಸಾ ಅಂತೆ. ಪಾಸಾದ್ಮೇಲೆ ಮೂರ್ತ ಇಡಾಣ ಅಂತವ್ರೆ. ಇನ್ನೆಲ್ಲಾ ನಿಮ್ ಕೈಲೈತೆ."

ನನ್ನ ಕೈಯಲ್ಲಿದ್ದದ್ದು ಕೆಂಪು ಪೆನ್ನು ಮಾತ್ರ. "ಆಯ್ತು, ನಾನು ಪಾಸ್ ಮಾಡಿಸ್ತೀನಿ," ಎಂದು ಮಾತು ಕೊಟ್ಟುಬಿಟ್ಟೆ.

ವಾರಕ್ಕೆ ಐದು ದಿನ ಅವಳು ಹೆಬ್ಬಾಳದಲ್ಲಿ ಬಸ್ ಬದಲಿಸಿ, ಸಂಜೆ ನಾಲ್ಕಕ್ಕೆ ಬರುತ್ತಿದ್ದಳು. ಅದೇ ಹೊತ್ತಿಗೆ ಕೆಳಗಡೆ ಖಾರಾ ಬನ್ ಭಟ್ಟಿಯಿಂದ ಹೊರಬರುತ್ತಿತ್ತು. ಇವತ್ತಿಗೂ ಆ ವಾಸನೆ ಬಂದರೆ ನಾನು ಗಡಿಯಾರ ನೋಡುತ್ತೇನೆ.

"ಡಿಡ್ ನಾಟ್ ವೆಂಟ್" ಹೋಯಿತು. "ಕಸಿನ್ ಸಿಸ್ಟರ್" ಹೋದಳು. "ಡಿಸ್ಕಸ್ ಅಬೌಟ್" ಹೋಯಿತು. ಒಂದೊಂದು ತಪ್ಪು ಕಡಿಮೆಯಾದಾಗಲೂ ಅವಳು ಇಂಗ್ಲೆಂಡಿಗೆ ಒಂದೊಂದು ಹೆಜ್ಜೆ ಹತ್ತಿರವಾಗುತ್ತಿದ್ದಳು. ಕಳಿಸುವವನು ನಾನೇ. ಸರಿಯಾಗಿ ಕಲಿಸದೆ ಇದ್ದರೆ ಅವಳು ಉಳಿಯುತ್ತಾಳೆ ಎಂದು ಒಂದೆರಡು ಸಲ ಅನ್ನಿಸಿದ್ದೂ ಉಂಟು. ಆಗೆಲ್ಲ ಮುನಿಗಂಗಪ್ಪನವರ ಮುಗಿದ ಕೈ ನೆನಪಾಗಿ, ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

ಒಂದೇ ಒಂದು ತಪ್ಪನ್ನು ಮಾತ್ರ ಬೇಕೆಂದೇ ತಿದ್ದಲಿಲ್ಲ. ಕ್ಲಾಸ್ ಮುಗಿದು ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ತಿರುಗಿ ಅವಳು ದಿನಾ ಹೇಳುತ್ತಿದ್ದಳು.

"ಐ ವಿಲ್ ಕಮ್, ಸರ್."

ಹೊರಡುವಾಗ ನಾವು ‘ಬರ್ತೀನಿ’ ಅನ್ನುತ್ತೇವಲ್ಲ, ಅದನ್ನೇ ಎತ್ತಿ ಇಂಗ್ಲಿಷಿನಲ್ಲಿಟ್ಟಿದ್ದಳು. ಬೇರೆ ಯಾರಾದರೂ ಹಾಗೆ ಅಂದಿದ್ದರೆ ಮೆಟ್ಟಿಲಿಂದ ವಾಪಸ್ ಕರೆದು ತಿದ್ದುತ್ತಿದ್ದೆ. ಅವಳಿಗೆ ಮಾತ್ರ "ಬನ್ನಿ" ಎನ್ನುತ್ತಿದ್ದೆ. ಹೋಗುತ್ತಾ ಹೋಗುತ್ತಾ ಬರ್ತೀನಿ ಅನ್ನುವ ಒಬ್ಬಳು ನನಗೆ ಬೇಕಾಗಿದ್ದಳು.

ಪರೀಕ್ಷೆಗೆ ಒಂದು ವಾರ ಇದ್ದಾಗ ‘ಇಫ್’ ಪಾಠ ಬಂತು.

"ಸುಲಭ. ‘ಕೇಳಿದ್ರೆ’ ಅಂದ್ರೆ ಇನ್ನೂ ಕೇಳಬಹುದು. ‘ಕೇಳಿದ್ದಿದ್ರೆ’ ಅಂದ್ರೆ ಆ ಕಾಲ ಮುಗೀತು. ಇಂಗ್ಲಿಷಲ್ಲಿ ಅದಕ್ಕೇ ‘ಹ್ಯಾಡ್’ ಹಾಕ್ತಾರೆ."

"ಒಂದು ‘ದ್ದಿ’ ಜಾಸ್ತಿ ಆಗಿದ್ದಕ್ಕೆ ಕಾಲಾನೇ ಮುಗಿದೋಗತ್ತಾ ಸರ್?"

"ಹೌದು. ನೀವೊಂದು ಉದಾಹರಣೆ ಬರೀರಿ."

ಅವಳು ತಲೆ ತಗ್ಗಿಸಿ ಬರೆದಳು. ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ‘ಇಫ್ ಯು ಆಸ್ಕ್, ಐ ವಿಲ್’ ಎಂದು ಬರೆದು, ಮುಂದೆ ಒಂದು ಗೆರೆ ಎಳೆದಿದ್ದಳು.

"ಅರ್ಧಕ್ಕೇ ಬಿಟ್ಟಿದ್ದೀರಲ್ಲ?"

"ನೀವು ಕೇಳಿದ್ರೆ ತಾನೇ ಸರ್, ಮುಂದಿಂದು ನಾನು ಬರೆಯೋಕಾಗೋದು?"

ಹೇಳಿ ಅವಳು ಕಣ್ಣು ತಗ್ಗಿಸಲಿಲ್ಲ. ಬಳೆಯೊಂದನ್ನು ತಿರುಗಿಸುತ್ತಾ, ಕೆಳತುಟಿ ಕಚ್ಚಿಕೊಂಡು ನನ್ನನ್ನೇ ನೋಡಿದಳು. ಅಷ್ಟು ಹೊತ್ತು ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಕೇಳು, ಒಂದು ಮಾತು ಕೇಳಿಬಿಡು ಎಂದು ಮನಸ್ಸು ಹಟ ಹಿಡಿಯಿತು.

"ಅದು... ಹೋಂವರ್ಕ್," ಎಂದೆ.

ನಾನು ಹೇಡಿ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪರೀಕ್ಷೆಯ ಹಿಂದಿನ ದಿನ ನಾನೇ ಪರೀಕ್ಷಕನಾಗಿ ಕೂತು ಪ್ರಶ್ನೆ ಕೇಳಿದೆ. ಎಲ್ಲಕ್ಕೂ ಸರಿಯಾಗಿ ಉತ್ತರಿಸಿದಳು. ಕೊನೆಗೆ ಎದ್ದು, "ಥ್ಯಾಂಕ್ ಯು. ಐ ವಿಲ್ ಕಮ್," ಎಂದಳು. ಪರೀಕ್ಷೆಯಲ್ಲೂ ಹೀಗೇ ಅಂದರೆ ಎಂದು ಹೆದರಿಕೆಯಾಯಿತು. ಇನ್ನು ಬಚ್ಚಿಡುವಂತಿರಲಿಲ್ಲ.

"ಅದು ತಪ್ಪು, ಸರಳಾ. ಹೊರಡುವಾಗ ‘ಐ ಆಮ್ ಗೋಯಿಂಗ್’ ಅನ್ನಬೇಕು."

ಅವಳ ಮುಖ ಚಿಕ್ಕದಾಯಿತು. "ನಾಲ್ಕು ತಿಂಗಳಿಂದ ಇಂಗೇ ಅಂತಿದ್ದೀನಲ್ಲ. ಯಾಕೆ ಹೇಳ್ಲಿಲ್ಲ?"

ಕೆಂಪು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದೆ. ಉತ್ತರ ಇತ್ತು. ಕೊಡಲಿಲ್ಲ.

"ಹೋಗ್ತೀನಿ ಅನ್ನಬಾರ್ದು ಸರ್," ಅಂದಳು ಮೆಲ್ಲಗೆ. "ಸಾವಿನ ಮನೇಲಿ ಮಾತ್ರ ನಾವು ಬರ್ತೀನಿ ಅನ್ನಲ್ಲ."

"ಇಂಗ್ಲಿಷಿಗೆ ಅದೆಲ್ಲ ಗೊತ್ತಾಗಲ್ಲ."

"ನಿಮಗೆ ಗೊತ್ತಾಗುತ್ತಲ್ಲ?" ಎಂದು ಕೇಳಿ ಬ್ಯಾಗ್ ಎತ್ತಿಕೊಂಡಳು. ಅವತ್ತು ಬಾಗಿಲಲ್ಲಿ ತಿರುಗದೆ ಮೆಟ್ಟಿಲಿಳಿದು ಹೋದಳು.

ಪಾಸಾದಳು. ಮೂರು ವಾರ ಕಳೆದು ಮತ್ತೆ ಬಂದಾಗ ಕೈಯಲ್ಲಿ ಲಗ್ನಪತ್ರಿಕೆ ಇತ್ತು, ಒಂದು ಡಬ್ಬಿ ಮೈಸೂರ್ ಪಾಕ್ ಇತ್ತು. ಮುನಿಗಂಗಪ್ಪ ಕೆಳಗೆ ಆಟೋದಲ್ಲೇ ಕಾಯುತ್ತಿದ್ದರು. ಪತ್ರಿಕೆಯ ಮೂಲೆಗೆ ಅರಿಶಿನ ಹಚ್ಚಿತ್ತು. ನಾನು ಅದರಲ್ಲೂ ಒಂದು ಕಾಗುಣಿತದ ತಪ್ಪು ಸಿಗುತ್ತದೇನೋ ಎಂದು ಹುಡುಕಿದೆ. ಅಷ್ಟು ಹೊತ್ತು ತಲೆ ಎತ್ತದೆ ಇರಬಹುದಿತ್ತು.

"ಹೋಂವರ್ಕ್ ಬಾಕಿ ಇತ್ತು ಸರ್," ಎಂದು ಪುಸ್ತಕ ಮುಂದಿಟ್ಟಳು.

ಹಳೆಯ ಸಾಲನ್ನು ಹೊಡೆದು ಹಾಕಿ, ಅದರ ಕೆಳಗೆ ದುಂಡಗೆ ಬರೆದಿದ್ದಳು: ‘ಇಫ್ ಯು ಹ್ಯಾಡ್ ಆಸ್ಕ್ಡ್, ಐ ವುಡ್ ಹ್ಯಾವ್ ಸ್ಟೇಯ್ಡ್.’

ನೀವು ಕೇಳಿದ್ದಿದ್ರೆ ನಾನು ಉಳೀತಿದ್ದೆ.

ಅಕ್ಷರಗಳು ಮಂಜಾದವು. ಕೆಂಪು ಪೆನ್ನು ತೆಗೆದೆ. ಎಲ್ಲಾದರೂ ಒಂದು ತಪ್ಪು ಸಿಕ್ಕರೆ ಸಾಕು, ಕೂರಿಸಿಕೊಂಡು ಮತ್ತೊಂದು ಪಾಠ ಮಾಡಬಹುದು. ‘ಹ್ಯಾಡ್’ ಇತ್ತು. ‘ವುಡ್ ಹ್ಯಾವ್’ ಇತ್ತು. ಕೊನೆಯ ಚುಕ್ಕಿಯೂ ಇತ್ತು.

"ಸರಿ ಇದೆಯಾ ಸರ್?"

"ಸರಿ ಇದೆ." ಪಕ್ಕದಲ್ಲಿ ಟಿಕ್ ಹಾಕಿದೆ. ಗೆರೆ ಬೇಕಾದ್ದಕ್ಕಿಂತ ಉದ್ದವಾಯಿತು.

ಅವಳು ಆ ಟಿಕ್ ಮೇಲೆ ಒಮ್ಮೆ ಬೆರಳಾಡಿಸಿದಳು. ಆಮೇಲೆ ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡಳು. ಅವಳ ಕಣ್ಣೂ ತುಂಬಿತ್ತು. ಕೆಳಗಡೆ ಆಟೋ ಹಾರ್ನ್ ಎರಡು ಸಲ ಕೂಗಿತು.

ಚಪ್ಪಲಿ ಮೆಟ್ಟಿ, ಎಂದಿನಂತೆ ಬಾಗಿಲಲ್ಲಿ ತಿರುಗಿದಳು. ನಾನು ಕಾದೆ. ದೇವರೇ, ಒಂದು ಸಲ ತಪ್ಪು ಹೇಳಲಿ, ಇದೊಂದು ಸಲ.

"ಐ ಆಮ್ ಗೋಯಿಂಗ್, ಸರ್."

ನಾನು ಕಲಿಸಿದ್ದೇ. ಒಂದಕ್ಷರವೂ ತಪ್ಪಿರಲಿಲ್ಲ.

"ಬನ್ನಿ," ಎಂದೆ. ಅಷ್ಟರಲ್ಲಿ ಅವಳು ಮೆಟ್ಟಿಲಿಳಿದಾಗಿತ್ತು.